ಜ್ವರ ಬಾರದ ನೂರು ಮಂದಿ

೧೯೫೭ರ ಜೂನ್‌ನಲ್ಲಿ ಫ್ಲೂ ಜ್ವರ ಪುತ್ತೂರಿಗೆ ಬಂದಾಗ, ಕುಮುದಿನಿ ನರ್ಸ್ ಆಗಿದ್ದ ಸಣ್ಣ ಆಸ್ಪತ್ರೆಯ ಜಗಲಿಯಲ್ಲೂ ಚಾಪೆ ಹಾಸಬೇಕಾಯಿತು. ರೋಗಿಗಳ ಲೆಕ್ಕ ಇಡಿ ಎಂದು ಆಗ ಯಾರೂ ಹೇಳಲಿಲ್ಲ. ಆ ಆದೇಶ ಬಂದದ್ದು ನವೆಂಬರಿನಲ್ಲಿ, ಜ್ವರವೆಲ್ಲ ಇಳಿದ ಮೇಲೆ, ಲಸಿಕೆಯ ಪೆಟ್ಟಿಗೆಯ ಜತೆಗೆ. ಐವತ್ತು ವಯಸ್ಕರಿಗೆ ಸೂಜಿ ಹಾಕಬೇಕು, ಇನ್ನೈವತ್ತು ಮಂದಿಗೆ ಹಾಕಬಾರದು. ಎರಡು ತಿಂಗಳಲ್ಲಿ ಯಾರಿಗೆ ಜ್ವರ ಬರುತ್ತದೆಂದು ನೋಡಬೇಕು.

ಕುಮುದಿನಿ ಸರದಿಯಂತೆ ನೂರು ಮನೆಗೂ ನಡೆದಳು. ಒಬ್ಬರಿಗೂ ಜ್ವರ ಬರಲಿಲ್ಲ.

ಜನವರಿಯಲ್ಲಿ ಆಸ್ಪತ್ರೆಯ ಡಾಕ್ಟರ್ ಅಚ್ಯುತ ಖುಷಿಯಿಂದ ವರದಿ ಬರೆದರು: 'ಲಸಿಕೆ ಸಂಪೂರ್ಣ ಯಶಸ್ವಿ.'

"ಹಾಕದವರಿಗೂ ಬರ್ಲಿಲ್ಲ ಅಲ್ವಾ ಡಾಕ್ಟ್ರೇ?" ಎಂದಳು ಕುಮುದಿನಿ.

"ಅದನ್ನೂ ಬರೆದಿದ್ದೇನೆ. ಕೆಳಗೆ, ಸಣ್ಣ ಅಕ್ಷರದಲ್ಲಿ."

ಅವಳಿಗೆ ಸಮಾಧಾನವಾಗಲಿಲ್ಲ. ಸೂಜಿ ಸಿಗದವರ ಪಟ್ಟಿಯಲ್ಲಿದ್ದ, ಬೀಡಿ ಕಟ್ಟುವ ಐಸಮ್ಮನ ಮನೆಗೆ ಹೋಗಿ ಕೇಳಿದಳು: "ಮಳೆಗಾಲದಲ್ಲಿ ನಿಮಗೆ ಜ್ವರ ಬಂದಿತ್ತಾ?"

"ಎಂತ ಕೇಳುದು ನರ್ಸಮ್ಮ? ನಿಮ್ಮದೇ ಜಗಲಿಯಲ್ಲಿ ನಾಲ್ಕು ದಿನ ಮಲಗಿದ್ದೆನಲ್ಲ! ಬಂದು ಹೋದವರಿಗೆ ಅದು ಇಷ್ಟು ಬೇಗ ಮತ್ತೆ ಬರುದುಂಟಾ?"

ಎಲ್ಲರನ್ನೂ ಕೇಳಿ ಮುಗಿಸಿದಾಗ ನೂರರಲ್ಲಿ ಎಂಬತ್ತಾರು ಮಂದಿಗೆ ಜೂನ್‌ನಲ್ಲೇ ಜ್ವರ ಬಂದು ಹೋದದ್ದು ತಿಳಿಯಿತು. ಉಳಿದ ಹದಿನಾಲ್ಕು ಮಂದಿಗೆ ತಗಲಲು ಊರಿನಲ್ಲಿ ಜ್ವರವೇ ಉಳಿದಿರಲಿಲ್ಲ. ಅವಳು ಅದನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಳು.

ಡಾಕ್ಟರು ಎರಡು ಸಲ ಓದಿದರು. "ಇದನ್ನು ಕಳಿಸಿದರೆ ನಾವು ಪಟ್ಟ ಕಷ್ಟ ಎಂತ ಆಗುದು ಸಿಸ್ಟರ್?"

"ನೂರು ಮನೆ ನಡೆದದ್ದು ನಾನಲ್ವಾ ಡಾಕ್ಟ್ರೇ?"

ಅವರು ಹಾಳೆಯನ್ನು ತಾವೇ ವರದಿಗೆ ಪಿನ್ನು ಚುಚ್ಚಿ ಸೇರಿಸಿದರು.

ಮಾರ್ಚಿನಲ್ಲಿ ಮೇಲಿನ ಕಚೇರಿಯಿಂದ ಉತ್ತರ ಬಂತು. ಡಾಕ್ಟರಿಗೆ ಪ್ರಶಂಸೆ, ಮಂಗಳೂರಿಗೆ ಬಡ್ತಿ. ಕುಮುದಿನಿಯ ಹಾಳೆ ಮಾತ್ರ ಕೆಂಪು ಶಾಯಿಯ ಟಿಪ್ಪಣಿ ಹೊತ್ತು ವಾಪಸು ಬಂದಿತ್ತು: 'ಜೂನ್ ತಿಂಗಳು ಅಧ್ಯಯನದ ಅವಧಿಗೆ ಸೇರಿಲ್ಲ.' ಡಾಕ್ಟರು ತಲೆ ತಗ್ಗಿಸಿಕೊಂಡೇ ಅದನ್ನು ಅವಳ ಕೈಗಿತ್ತರು. ಕುಮುದಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅನುಭವಸ್ಥೆ ಎಂದು ಅವಳನ್ನು ಕಡಬಕ್ಕೆ ಕಳಿಸಿದರು. ಅಲ್ಲಿ ಇನ್ನೂರು ಮಂದಿಗೆ ಸೂಜಿ ಹಾಕಬೇಕಿತ್ತು. ಜ್ವರ ಬಂದು ಹೋಗಿದೆಯೇ ಎಂದು ಮೊದಲೇ ಕೇಳಿ, ಹೌದೆಂದವರನ್ನೆಲ್ಲ ಕೈಬಿಟ್ಟದ್ದರಿಂದ ಅವಳಿಗೆ ಸಿಕ್ಕಿದ್ದು ಮೂವತ್ತೊಂದು ಮಂದಿ. ಗುರಿ ತಲುಪದ್ದಕ್ಕೆ ಕಾರಣ ಕೇಳಿ ಕಾಗದ ಬಂತು. ಕುಮುದಿನಿ ಬಾಗಿಲಿನ ಬೆಳಕಿಗೆ ಕುರ್ಚಿ ಎಳೆದುಕೊಂಡು ಎರಡು ಪುಟ ಉತ್ತರ ಬರೆದಳು. ಅಷ್ಟು ಖುಷಿಯಿಂದ ಅವಳು ಯಾವ ವರದಿಯನ್ನೂ ಬರೆದಿರಲಿಲ್ಲ.