ಪಥ್ಯ ಬಿಟ್ಟ ದಿನ

ಹೈದರಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ನನ್ನ ಗಂಡ ಅಣವೀರ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಎರಡು ವರ್ಷದಿಂದ ಡಯಾಲಿಸಿಸ್ ಮೇಲೆ ಜೀವ ಹಿಡಿದವನು. ಅದನ್ನೂ ಇನ್ನು ಅವನ ಹೃದಯ ತಡೆಯುವುದಿಲ್ಲ, ಊರಿಗೆ ಕರೆದುಕೊಂಡು ಹೋಗಿ, ಏನು ಕೇಳುತ್ತಾನೋ ತಿನ್ನಲು ಕೊಡಿ ಎಂದರು. ಎಷ್ಟು ದಿನ ಎಂದು ಕೇಳಿದೆ. ವಾರ, ಹೆಚ್ಚೆಂದರೆ ಹತ್ತು ದಿನ ಎಂದರು. ಹೇಳುತ್ತಲೇ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಆ ಪೆನ್ನು ಕಿತ್ತು ಎಸೆಯಬೇಕೆನಿಸಿತು.

ಹೊರಗೆ ಬಂದೆ.

"ಏನಂದ್ರು?" ಎಂದ.

"ಪಥ್ಯ ಬಿಡಿಸ್ಯಾರ್ರಿ. ಏನ್ ಬೇಕಾದ್ರೂ ತಿನ್ಬಹುದಂತ."

"ನೀರು?"

"ನೀರೂ."

ನಮ್ಮ ಕಡೆ ಪಥ್ಯ ಬಿಡಿಸುವುದೆಂದರೆ ರೋಗಿ ಎದ್ದು ಕೂತ ಹಾಗೆಯೇ. ಕಾಮಣಿಯಾಗಿ ಮೈ ಹಳದಿಯಾದವರಿಗೂ ಆವತ್ತು ತಲೆಗೆ ನೀರೆರೆದು ಸಿಹಿ ಉಣಿಸುತ್ತಾರೆ. ಅಣವೀರನ ಮುಖ ಅರಳಿತು. "ಹಂಗಾರ ಆರಾಮಾದೆ ಅನ್ನು," ಎಂದ. ನಮ್ಮೂರು ಶಹಾಬಾದಿನಲ್ಲಿ ನನ್ನ ಬಾಯಿಗೆ ಹೆದರಿ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಮಾಲೀಕನೇ ದಾರಿ ಬದಲಿಸುತ್ತಿದ್ದ. ಅಂಥ ಬಾಯಿಂದ ಮೆತ್ತಗೆ "ಹೂಂನ್ರಿ" ಎಂದೆ. ರೈಲು ಹತ್ತುವವರೆಗಾದರೂ ಇವನು ಖುಷಿಯಾಗಿರಲಿ, ಇವನಿಗೆ ಗೊತ್ತಾಗಬಾರದು, ಅಷ್ಟೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಆಸ್ಪತ್ರೆಯ ಎದುರಿಗೇ ಮೂರು ಅಂತಸ್ತಿನ ದೊಡ್ಡ ಕಿರಾಣಿ ಮಳಿಗೆ. ಎರಡು ವರ್ಷ ಅದರ ಮುಂದೆಯೇ ಓಡಾಡಿದ್ದೆವು, ಒಳಗೆ ಕಾಲಿಟ್ಟಿರಲಿಲ್ಲ. ಏನಿದ್ದರೂ ಇವನು ತಿನ್ನುವ ಹಾಗಿಲ್ಲವಲ್ಲ. "ನಡಿ, ಹೋಗಾಮು," ಎಂದ. ಸಾಮಾನಿನ ಗಾಡಿ ತಾನೇ ತಳ್ಳುತ್ತೇನೆಂದು ಹಟ ಹಿಡಿದ. ಖರೆ ಹೇಳಬೇಕೆಂದರೆ ಆ ಗಾಡಿಯೇ ಅವನನ್ನು ಹಿಡಿದು ನಿಲ್ಲಿಸಿತ್ತು.

ಬಾಳೆಹಣ್ಣಿನಲ್ಲೇ ನಾಲ್ಕು ಜಾತಿ. ಯಾವುದೋ ದೇಶದ ಕಿತ್ತಳೆ, ಒಂದೊಂದಕ್ಕೂ ಚೀಟಿ ಅಂಟಿಸಿದ್ದು. ನಮ್ಮೂರ ಸಂತೆಯನ್ನೆಲ್ಲ ತಂದು ಸುರಿದರೂ ಅಲ್ಲಿನ ಒಂದು ಮೂಲೆ ತುಂಬುತ್ತಿರಲಿಲ್ಲ. ಎರಡು ವರ್ಷ ಅವನಿಗೆ ಬಾಳೆಹಣ್ಣಿಲ್ಲ, ಎಳನೀರಿಲ್ಲ, ಟೊಮೇಟೊ ಇಲ್ಲ. ಕಾಯಿಪಲ್ಯ ಕುದಿಸಿ, ನೀರು ಚೆಲ್ಲಿ, ಸಪ್ಪೆಯದನ್ನು ಬಡಿಸುತ್ತಿದ್ದೆ. ದಿನಕ್ಕೆ ನಾಲ್ಕು ಲೋಟ ನೀರು, ಅದೂ ಸಣ್ಣ ಲೋಟ. ಶಹಾಬಾದಿನ ಬಿಸಿಲಿನಲ್ಲಿ ಐದನೆಯದಕ್ಕೆ ಕೈಚಾಚಿದಾಗ ಓಣಿಗೆಲ್ಲ ಕೇಳುವ ಹಾಗೆ ಬೈದಿದ್ದೇನೆ.

ಮಳಿಗೆಯೊಳಗೇ ಹಿಂದುಗಡೆ ಕೂತು ತಿನ್ನಲು ಮೇಜುಗಳಿದ್ದವು. ಕೊಂಡದ್ದನ್ನೆಲ್ಲ ಅಲ್ಲೇ ಹರಡಿಕೊಂಡು, ಎಳನೀರಿನ ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದ. ನನ್ನ ಕೈ ತಾನಾಗಿಯೇ ಹೋಗಿ ಬಾಟಲಿ ಹಿಡಿಯಿತು.

"ಸಾಕ್ರಿ."

"ಡಾಕ್ಟರೇ ಬ್ಯಾಡ ಅಂದಿಲ್ಲ, ನಿಂದೇನ್ ನಡುವ?" ಎಂದು ನಕ್ಕ.

ಕೈ ಬಿಟ್ಟೆ. ಅಷ್ಟು ಅಳೆದು, ಅಷ್ಟು ಬೈದು ನಾನು ಉಳಿಸಿದ್ದಾದರೂ ಏನು? ಆ ಐದನೆಯ ಲೋಟ ಕೊಟ್ಟುಬಿಡಬೇಕಿತ್ತು. ನನ್ನ ಮೇಲೆಯೇ ನನಗೆ ಕೆಟ್ಟ ಸಿಟ್ಟು ಬಂತು.

ಅರ್ಧ ಬಾಳೆಹಣ್ಣು ತಿನ್ನುವುದರಲ್ಲಿ ಅವನಿಗೆ ಏದುಸಿರು. "ಭಾಳ ಸಿಹಿ ಅದ, ನೀನೂ ತಿನ್ನು," ಎಂದು ಉಳಿದರ್ಧ ನನ್ನ ಬಾಯಿಗಿಟ್ಟ. ಕಣ್ಣು ತುಂಬಿದವು. ಏಸಿ ಗಾಳಿ ಕಣ್ಣಿಗೆ ಬಡಿಯಾಕತ್ತದ ಎಂದೆ. ಹೌದು, ಭಾಳ ಥಂಡಿ ಅದ ಎಂದ.

ಹೊರಡುವಾಗ ಉಪ್ಪಿನಕಾಯಿಯ ಸಾಲಿನ ಮುಂದೆ ನಿಂತ. ಉಪ್ಪು ಅವನ ಪಾಲಿಗೆ ವಿಷವಾಗಿತ್ತು, ಇಷ್ಟು ದಿನ ಮನೆಯಲ್ಲಿ ಆ ಹೆಸರೇ ಎತ್ತುತ್ತಿರಲಿಲ್ಲ. ನಾನೇ ಮುಂದಾಗಿ ಮಾವಿನಕಾಯಿಯ ಎರಡು ದೊಡ್ಡ ಬರಣಿಗಳನ್ನು ಗಾಡಿಗೆ ಹಾಕಿದೆ. "ಒಂದು ತಗೊಂಡ್ರ ಇನ್ನೊಂದು ಪುಕ್ಕಟ ಅದ. ಮುಂದಿನ ಬ್ಯಾಸಗಿ ತನಕ ತಿನ್ಬಹುದ್ರಿ ನೀವು," ಎಂದೆ. ನಿಜವೆಂದು ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ.

ಅವನು ಎರಡೂ ಬರಣಿಗಳನ್ನು ಒಂದೊಂದಾಗಿ ಎತ್ತಿ, ಮೊದಲಿದ್ದ ಜಾಗದಲ್ಲಿಯೇ ನೆಟ್ಟಗೆ ಇಟ್ಟ. ಕಷ್ಟಪಟ್ಟು ಬಗ್ಗಿ, ಕೆಳಗಿನ ಸಾಲಿನಿಂದ ಅಂಗೈಯಷ್ಟಿನ ಪೊಟ್ಟಣವೊಂದನ್ನು ತೆಗೆದ.

"ಇಷ್ಟ ಸಾಕು," ಎಂದ. "ನೀ ಅಂತೂ ಉಪ್ಪಿನಕಾಯಿ ಮುಟ್ಟಂಗಿಲ್ಲ. ಸುಮ್ನ ಉಳಿತದ."