ಒಲಿಂಡಾ ಬಾಯಮ್ಮನ ಮೊದಲನೆಯ ‘ಬೇಡ’

ಒಲಿಂಡಾ ಬಾಯಮ್ಮ ಯಾವುದನ್ನೂ ಮೊದಲ ಮಾತಿಗೆ ಒಪ್ಪಿಕೊಂಡದ್ದನ್ನು ನಾನು ಬಹುಕಾಲ ಕಂಡಿರಲಿಲ್ಲ. ಚಹಾ ಕುಡಿಯುತ್ತೀರಾ ಎಂದರೆ ಬೇಡ, ಕುಳಿತುಕೊಳ್ಳಿ ಎಂದರೆ ಬೇಡ, ಜಡಿಮಳೆಯಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆದು ಹತ್ತಿ ಎಂದರೂ, ಸೋರುವ ಕೊಡೆಯನ್ನು ಇನ್ನಷ್ಟು ನೆಟ್ಟಗೆ ಹಿಡಿದು, ಬೇಡ. ಎರಡನೆಯ ಸಲ ಕೇಳಿದರೆ ನೆಲ ನೋಡುತ್ತಿದ್ದರು. ಮತ್ತೂ ಕೇಳಿದರೆ, ಕೇಳಿದವರಿಗೇ ಏನೋ ಉಪಕಾರ ಮಾಡುವವರಂತೆ, “ನೀವು ಅಷ್ಟು ಹೇಳುವಾಗ ಇನ್ನೆಂತ ಮಾಡುದು” ಎಂದು ಹತ್ತಿ ಕುಳಿತು, ಕಟಪಾಡಿ ಬರುವವರೆಗೂ ಸಂತೋಷದಿಂದ ಮಾತನಾಡುತ್ತಿದ್ದರು. ಹೊರಗಿನವರು ಇದನ್ನು ಕಪಟವೆಂದು ತಿಳಿಯಬಹುದು. ನಮ್ಮ ಉಡುಪಿಯ ಸೀಮೆಯಲ್ಲಿ ಇದು ನಡತೆ. ಮದುವೆಯ ಪಂಕ್ತಿಯಲ್ಲಿ ಪಾಯಸದ ಸೌಟಿಗೆ ಕೈ ಅಡ್ಡ ಹಿಡಿದವನ ಎಲೆ ಖಾಲಿ ಉಳಿದರೆ ತಪ್ಪು ಬಡಿಸುವವನದು, ಉಣ್ಣುವವನದಲ್ಲ. ಕೇಳಿದವನು ಮತ್ತೆ ಕೇಳಬೇಕು; ಆ ಹಕ್ಕೂ ಆ ಹೊಣೆಯೂ ಮೊದಲು ಕೇಳಿದವನದೇ ಆದ್ದರಿಂದ ನಡುವೆ ಇನ್ನೊಬ್ಬರು ತಲೆ ಹಾಕುವುದು ಅಸಭ್ಯತೆ. ತುಳು, ಕೊಂಕಣಿ, ಬ್ಯಾರಿ, ಮನೆಮಾತು ಯಾವುದೇ ಇರಲಿ, ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಬಾಯಮ್ಮ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದರು, ಅಷ್ಟೆ.

ಕಟಪಾಡಿ ಪೇಟೆಯಲ್ಲಿ, ಹೆದ್ದಾರಿಯಿಂದ ತುಸು ಒಳಗೆ, ಗಂಡ ತೀರಿಕೊಂಡ ಮೇಲೂ ಒಲೆ ಆರದ ಒಂದು ಬೇಕರಿ ಅವರದು. ಎತ್ತರದ, ಎಲುಬು ಕಾಣುವ ಮೈಕಟ್ಟು. ಹೊರಟುಬಿಟ್ಟ ಬಸ್ಸನ್ನು ಹಿಡಿಯುವವರಂತೆ ಮುಂದಕ್ಕೆ ಬಾಗಿದ ನಡಿಗೆ. ಸೀರೆಯ ಮೇಲೆ ಸದಾ ಗಂಡನ ಬೂದುಬಣ್ಣದ ಹಳೆಯ ಶರ್ಟು, ಹಿಟ್ಟು ಹಾರುತ್ತದೆಂದು ಬೇಕರಿಯಲ್ಲಿ ತೊಟ್ಟದ್ದನ್ನು ಕಳಚಲು ಮರೆತು ಸಭೆಗೂ ಇಗರ್ಜಿಯ ಪ್ರಾರ್ಥನೆಗೂ ಅದರಲ್ಲೇ ಬರುತ್ತಿದ್ದರು. ಮಾತಿನ ಕೊನೆಗೊಂದು ‘ಅಲ್ವಾ’ ಸೇರಿಸಿ, ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ಹೋಗಿಬಿಡುವ ಅಭ್ಯಾಸ. ತನ್ನ ವಿಷಯದಲ್ಲಿ ಇಷ್ಟು ಸಂಕೋಚದ ಈ ಹೆಂಗಸು ಪರರ ವಿಷಯದಲ್ಲಿ ಮಾತ್ರ ಪರಮ ನಿರ್ಲಜ್ಜೆ. ಇನ್ನೊಬ್ಬಳಿಗೆ ಪರವಾನಗಿ ಆಗಬೇಕೆಂದರೆ ಕಚೇರಿಯ ಮೇಜಿನ ಮುಂದೆ ನಿಂತು, ಗುಮಾಸ್ತ ಊಟಕ್ಕೆ ಎದ್ದರೆ ಅವನ ಹಿಂದೆಯೇ ಹೋಗಿ, ಅವನು ಕೈ ತೊಳೆಯುವಾಗಲೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು.

ತೊಂಬತ್ತೆಂಟರಲ್ಲಿ ಅವರೂ ಇನ್ನು ಕೆಲವರೂ ಸೇರಿ ಮಹಿಳಾ ಉದ್ಯಮಿಗಳ ಸಂಘವೊಂದನ್ನು ಕಟ್ಟಿದರು. ಹಿರಿಯಡ್ಕದ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದ ನಾನು ಕರೆಯೋಲೆ, ಮನವಿಪತ್ರಗಳ ಭಾಷೆ ತಿದ್ದುವ ನೆಪದಲ್ಲಿ ಅಲ್ಲಿ ಒಂದು ಮೂಲೆಯ ಬೆಂಚಿಗೆ ಹಕ್ಕುದಾರನಾದೆ. ಅಧ್ಯಕ್ಷರಾಗಿ ಎಂದು ಬಾಯಮ್ಮನನ್ನು ಮೊದಲು ಕೇಳಿದವರು ಕಾಪುವಿನ ರುಕಿಯಮ್ಮ. ಮನೆಯಲ್ಲಿ ಅಕ್ಕಿಯ ಗರಿಗರಿ ಕೋರಿರೊಟ್ಟಿ ಮಾಡಿ ಕಟ್ಟು ಕಟ್ಟಿ ಮಾರುತ್ತಿದ್ದ ಬ್ಯಾರಿ ಹೆಂಗಸು. ಬಾಯಮ್ಮ ಬೇಡವೆಂದರು. ರುಕಿಯಮ್ಮ ಮತ್ತೆ ಕೇಳಿದರು. ಬಾಯಮ್ಮ ನೆಲ ನೋಡಿದರು. ರುಕಿಯಮ್ಮ ಎದ್ದು ಬಂದು, ಅವರ ಮೊಣಕೈ ಹಿಡಿದು, ಕುರ್ಚಿಯ ಮೇಲೆ ಅಕ್ಷರಶಃ ಒತ್ತಿ ಕೂರಿಸಿದರು. ಇಷ್ಟು ನಿರ್ಮಲವಾದ ಚುನಾವಣೆಯನ್ನು ನಾನು ಆಮೇಲೆ ಕಂಡಿಲ್ಲ.

ಆ ಕುರ್ಚಿಯಲ್ಲಿ ಕುಳಿತು ಅವರು ಮಾಡಿದ ಮುಖ್ಯ ಕೆಲಸ ಒಂದೇ: ಕಟಪಾಡಿ ಜಂಕ್ಷನಿನಲ್ಲಿ, ಬಸ್ಸಿಳಿದವರ ಕಣ್ಣಿಗೆ ನೇರವಾಗಿ ಬೀಳುವ ಕೋಣೆಯೊಂದನ್ನು ಹಿಡಿದು ಸಂಘದ ಅಂಗಡಿ ತೆರೆದರು. ಹೊರಗಿನಿಂದ ನೋಡಿದರೆ ಅದೊಂದು ಸಾಮಾನ್ಯ ಅಂಗಡಿ. ಉಪ್ಪಿನಕಾಯಿ, ಹಪ್ಪಳ, ಮಕ್ಕಳ ಅಂಗಿ, ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿಗಳು. ಆದರೆ ರುಕಿಯಮ್ಮನಿಗೆ ಪೇಟೆಯಲ್ಲಿ ಕುಳಿತು ಮಾರಲು ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. ಬಾಗಲಕೋಟೆ ಕಡೆಯಿಂದ ಬಂದು, ಗಂಡ ಮಣಿಪಾಲದ ಕಟ್ಟಡಗಳಲ್ಲಿ ಗಾರೆಯ ಕೆಲಸಕ್ಕೆ ಹೋದ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದ ರೇಣುಕವ್ವನಿಗೆ ಇಲ್ಲಿ ಯಾರೂ ಕೋಣೆ ಬಾಡಿಗೆಗೆ ಕೊಡುತ್ತಿರಲಿಲ್ಲ. ಇವರು ಬೆಳಿಗ್ಗೆ ಮಾಲು ತಂದಿಟ್ಟು ಹೋದರೆ ಸರದಿಯಲ್ಲಿ ಕುಳಿತವರು ಮಾರುತ್ತಿದ್ದರು. ಆ ಅಂಗಡಿ ಇಲ್ಲದಿದ್ದರೆ ಇವರಿಬ್ಬರೂ ಉದ್ಯಮಿಗಳಲ್ಲ, ಒಲೆಯ ಮುಂದಿನ ಇಬ್ಬರು ಹೆಂಗಸರು ಮಾತ್ರ. ಇದನ್ನು ಬಾಯಮ್ಮನಷ್ಟು ಸ್ಪಷ್ಟವಾಗಿ ಯಾರೂ ತಿಳಿದಿರಲಿಲ್ಲ. ಕಾಪುವಿನಲ್ಲೊಂದು, ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಇಂಥದೇ ಅಂಗಡಿ ಆಗಬೇಕೆಂಬುದು ಅವರ ಆಸೆ. ಕಾರ್ಕಳದಲ್ಲಿ ಕೋಣೆ ಹುಡುಕುತ್ತ, ಆ ಬೂದುಬಣ್ಣದ ಶರ್ಟಿನಲ್ಲಿ ಮಟಮಟ ಮಧ್ಯಾಹ್ನ ಅಲೆಯುತ್ತಿದ್ದ ಅವರನ್ನು ನಾನೇ ಕಂಡಿದ್ದೇನೆ.

ಸಂಘ ಬೆಳೆಯಿತು, ಬೆಳೆದದ್ದೇ ತಪ್ಪಾಯಿತು. ಮಣಿಪಾಲದಿಂದ ಕಲಿತವರು, ಕಾರಿನವರು, ಕಚೇರಿ ಇಟ್ಟುಕೊಂಡವರು ಸದಸ್ಯರಾದರು. ಅವರಲ್ಲಿ ಮುಂದಾಳು ಸ್ವರ್ಣಲತಾ. ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದಳು; ಉಡುಪಿಯ ಹಳೆಯ ಬೀದಿಯಲ್ಲಿ ಹುಟ್ಟಿ ಬೆಳೆದವಳು; ಮಾತು ಮೃದು, ನಗು ಸಿದ್ಧ, ಯಾರ ಮನಸ್ಸನ್ನೂ ಎದುರಿಗೆ ನೋಯಿಸದ ಜಾಣ್ಮೆ. ಸಂಘಕ್ಕೊಂದು ದಿಕ್ಕು ಬೇಕು, ಐದು ವರ್ಷದ ಯೋಜನೆಯೊಂದನ್ನು ಶಾಸ್ತ್ರೋಕ್ತವಾಗಿ ಮಾಡಬೇಕು ಎಂದು ಅವಳು ಹೇಳಿದಾಗ ಬಾಯಮ್ಮನೇ ಮೊದಲು ಒಪ್ಪಿದರು. “ಕಲಿತವರು ಹೇಳ್ತಾರೆ, ಕೇಳುವ. ಕಾರ್ಕಳದ ಅಂಗಡಿಯನ್ನೂ ಅದರಲ್ಲಿ ಸೇರಿಸುವ, ಅಲ್ವಾ” ಎಂದರು.

ಎರಡು ಸಾವಿರದ ನಾಲ್ಕನೆಯ ಇಸವಿ. ಮಣಿಪಾಲದ ಹೋಟೆಲೊಂದರ ತಣ್ಣನೆಯ ಸಭಾಂಗಣ. ಯೋಜನೆ ಮಾಡಿಸಲು ಬಂದಿದ್ದ ತಜ್ಞರು ಪುಣೆಯಲ್ಲಿ ಬೆಳೆದ ಕನ್ನಡಿಗರು. ಸೌಮ್ಯರು, ಸುಶಿಕ್ಷಿತರು, ದೂರಲು ಎಳ್ಳಷ್ಟೂ ಎಡೆ ಕೊಡದವರು. ಬ್ಯಾನರಿಗೆ ‘ವ್ಯೂಹಾತ್ಮಕ ಯೋಜನೆ’ ಎಂದು ಕನ್ನಡ ಮಾಡಿಕೊಟ್ಟವನು ನಾನು. ಬಾಯಮ್ಮ ಅದನ್ನು ಓದಿ ನನ್ನ ಕಡೆ ತಿರುಗಿದರು. “ವ್ಯೂಹ ಅಂದ್ರೆ ಯುದ್ಧದ್ದು ಅಲ್ವಾ ಮಾಸ್ಟ್ರೆ? ನಮಗೆ ಶತ್ರು ಯಾರು?” ನಾನು ನಕ್ಕೆ, ಅವರೂ ನಕ್ಕರು.

ತಜ್ಞರು ಬಣ್ಣಬಣ್ಣದ ಚೀಟಿಗಳನ್ನು ಹಂಚಿ, ಐದು ವರ್ಷದ ಮೇಲೆ ನೀವು ಎಲ್ಲಿರಬೇಕೆಂದು ಬಯಸುತ್ತೀರಿ, ಬರೆದು ಗೋಡೆಗೆ ಅಂಟಿಸಿ ಎಂದರು. ದುಬೈ ಎಂದು ಒಬ್ಬರು ಬರೆದರು, ರಫ್ತು ಎಂದು ಇನ್ನೊಬ್ಬರು. ಬರೆಯಲು ಬಾರದ ರೇಣುಕವ್ವನನ್ನು ತಜ್ಞರೇ ಪಕ್ಕದಲ್ಲಿ ಕುಳಿತು ಕೇಳಿದರು. “ಎಲ್ಲಿಗೂ ಹೋಗಾಂಗಿಲ್ರೀ ಸಾಹೇಬ್ರ. ಕಟಪಾಡಿ ಅಂಗಡಿ ಇದ್ರ ಸಾಕ್ರಿ” ಎಂದಳು. ರುಕಿಯಮ್ಮನೂ ಅದನ್ನೇ ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಜ್ಞರು ಬರೆದುಕೊಂಡ ಆ ಎರಡು ಚೀಟಿಗಳು ಗೋಡೆಯ ಕೆಳ ಅಂಚಿನಲ್ಲಿ, ಕುರ್ಚಿಗಳ ಮರೆಯಲ್ಲಿ, ಸಂಜೆಯವರೆಗೆ ಅಂಟಿಕೊಂಡಿದ್ದವು.

ಮಧ್ಯಾಹ್ನದ ಊಟವಾದ ಮೇಲೆ ಮುಖ್ಯ ವಿಷಯ ಬಂತು. ಈ ಐದು ವರ್ಷಗಳ ಯೋಜನೆಯನ್ನು ನಡೆಸಲು ಒಬ್ಬರೇ ಅಧ್ಯಕ್ಷರು ಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅವರದು. ಅಂಗಡಿ ಬೆಳವಣಿಗೆಗೆ ಪೂರಕವಲ್ಲ ಎಂಬ ಮಾತು ಬೆಳಿಗ್ಗೆಯೇ ತೇಲಿಬಂದಿದ್ದುದರಿಂದ, ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರ ಕೈಯಲ್ಲಿ ಅಂಗಡಿಯ ಜೀವ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ತಜ್ಞರು ತುಂಬ ಆದರದಿಂದ ಕೈಮುಗಿದು, “ಒಲಿಂಡಾ ಅವರೇ, ಸಂಘ ಕಟ್ಟಿದವರು ನೀವು. ಮುಂದೆಯೂ ನೀವೇ ನಡೆಸುತ್ತೀರಾ?” ಎಂದರು.

“ನನಗೆ ಬೇಡ. ಪ್ರಾಯ ಆಯ್ತು. ಬೇರೆ ಯಾರಿಗಾದ್ರೂ ಕೊಡಿ” ಎಂದರು ಬಾಯಮ್ಮ.

ಅವರ ಮುಖದಲ್ಲಿ ಪಾಯಸಕ್ಕೆ ಕೈ ಅಡ್ಡ ಹಿಡಿದವರ ಆ ಹಳೆಯ ಸಂಭ್ರಮವಿತ್ತು. ಸಭೆ ಎರಡನೆಯ ಪ್ರಶ್ನೆಗಾಗಿ ಕಾಯಿತು. ರುಕಿಯಮ್ಮ ಕುರ್ಚಿಯಿಂದ ಅರ್ಧ ಎದ್ದದ್ದನ್ನು ನಾನು ನೋಡಿದೆ. ಕೇಳಿದವರು ಅತಿಥಿ, ಮತ್ತೆ ಕೇಳುವ ಹಕ್ಕು ಅವರದು ಎಂದು ನೆನಪಾಗಿ ಅವರು ಕುಳಿತರು. ಆದರೆ ಒಬ್ಬ ಹೆಂಗಸು ಬೇಡವೆಂದರೆ ಅದನ್ನು ಗೌರವಿಸಬೇಕು, ಒತ್ತಾಯ ಮಾಡುವುದು ಅನಾಗರಿಕತೆ ಎಂದು ಆ ಸಜ್ಜನರು ಎಲ್ಲಿಯೋ ಚೆನ್ನಾಗಿ ಕಲಿತುಬಂದಿದ್ದರು. “ಎಷ್ಟು ದೊಡ್ಡ ಮನಸ್ಸು! ಹೊಸಬರಿಗೆ ದಾರಿ ಬಿಟ್ಟುಕೊಟ್ಟ ಇವರಿಗೆ ಒಂದು ಚಪ್ಪಾಳೆ” ಎಂದರು. ಸಭಾಂಗಣ ಚಪ್ಪಾಳೆ ತಟ್ಟಿತು. ಬಾಯಮ್ಮ ನೆಲ ನೋಡುತ್ತಿದ್ದವರು ತಲೆಯೆತ್ತಿ, ಏನಾಯಿತೆಂದು ಸುತ್ತ ನೋಡಿದರು. ಅಷ್ಟರಲ್ಲಿ ತಜ್ಞರು ಸ್ವರ್ಣಲತಾಳ ಕಡೆ ತಿರುಗಿದ್ದರು. ಅವಳು ಮೊದಲ ಮಾತಿಗೇ “ಖಂಡಿತ, ಸಂತೋಷದಿಂದ” ಎಂದಳು.

ತಜ್ಞರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಮ್ಮ ಊರಿನವರಲ್ಲ. ಸ್ವರ್ಣಲತಾ ನಮ್ಮ ಊರಿನವಳು. ಅವಳ ಮದುವೆಯ ಮಾತುಕತೆಯಿಂದ ಹಿಡಿದು ಅವಳ ಮಗುವಿನ ನಾಮಕರಣದ ಊಟದವರೆಗೆ ಎಲ್ಲವೂ ಈ ‘ಬೇಡ’ದ ಮೆಟ್ಟಿಲು ಹತ್ತಿಯೇ ನಡೆದಿತ್ತು. ಆ ‘ಬೇಡ’ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. “ಬಾಯಮ್ಮನನ್ನು ಇನ್ನೊಮ್ಮೆ ಕೇಳಿ ಸರ್” ಎಂದು ಅವಳೊಬ್ಬಳು ಅಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ, ಚಪ್ಪಾಳೆ ಮಾತ್ರ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು.

ಬಸ್ಸಿನಲ್ಲಿ ಬಾಯಮ್ಮ, ರುಕಿಯಮ್ಮ, ನಾನು ಮೂವರೂ ಒಟ್ಟಿಗೆ ಹಿಂದಿರುಗಿದೆವು. “ಅವರು ಇನ್ನೊಮ್ಮೆ ಕೇಳ್ತಾರೆ ಅಂತ ನಾನು ಎಣಿಸಿದೆ” ಎಂದು ರುಕಿಯಮ್ಮ ಕಲ್ಸಂಕದವರೆಗೂ ಅದನ್ನೇ ಹೇಳುತ್ತಿದ್ದರು. ನಾನು ತಾಳಲಾರದೆ, “ಬಾಯಮ್ಮ, ಇನ್ನೂ ಹೊತ್ತು ಮೀರಿಲ್ಲ. ನನಗೆ ಬೇಕಿತ್ತು ಎಂದು ನಾಳೆಯೇ ಹೋಗಿ ಹೇಳಿ. ಅರ್ಧಕ್ಕಿಂತ ಹೆಚ್ಚು ಸದಸ್ಯರು ನಿಮ್ಮ ಕಡೆ ಇದ್ದಾರೆ” ಎಂದೆ.

“ನನಗೆ ಬೇಕು ಅಂತ ನಾನೇ ಹೇಳುದಾ?” ಅವರು ನನ್ನನ್ನು ದಿಟ್ಟಿಸಿ ನೋಡಿದರು. “ಅದು ಹೇಗೆ ಆಗ್ತದೆ ಮಾಸ್ಟ್ರೆ? ನಾಚಿಕೆ ಇಲ್ವಾ?”

ಮರುದಿನ ಹೋಗಲಿಲ್ಲ. ಆ ವಾರ, ಆ ತಿಂಗಳು ಹೋಗಲಿಲ್ಲ. ಯಾರಾದರೂ ಬಂದು ಕೇಳಲಿ ಎಂದು ಬೇಕರಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಬಂದದ್ದು ಪತ್ರ, ಅವರನ್ನು ಗೌರವ ಸಲಹೆಗಾರರಾಗಿ ನೇಮಿಸಿದ ಪತ್ರ.

ಮುಂದಿನ ವರ್ಷದ ಮಹಾಸಭೆಗೆ ಅಂಗಡಿಯ ವಿಷಯ ಬಂತು. ಅದನ್ನು ಮುಚ್ಚಿ, ಮಣಿಪಾಲದಲ್ಲಿ ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುವುದೆಂದು ಯೋಜನೆಯಲ್ಲಿತ್ತು. ಬಂದು ಮಳಿಗೆಯಲ್ಲಿ ನಿಂತು ತಾವೇ ಮಾರುವವರಿಗೆ ಮಾತ್ರ ಅವಕಾಶ. ಸ್ವರ್ಣಲತಾ ಶಿಷ್ಟಾಚಾರಕ್ಕೆಂದು ಕೇಳಿದಳು: “ಸಲಹೆಗಾರರು ಎಂತ ಹೇಳ್ತೀರಿ? ಅಂಗಡಿ ಬೇಕಾ?”

ಬಾಯಮ್ಮ ಎದ್ದು ನಿಂತರು. “ಬೇಕು” ಎಂದರು.

ಜೀವಮಾನದಲ್ಲಿ ಮೊದಲ ಬಾರಿಗೆ, ಮೊದಲ ಮಾತಿಗೇ. ಆ ಮಾತನ್ನಾಡಿದ ರೂಢಿಯೇ ಇಲ್ಲದ್ದರಿಂದ ದನಿ ಒಡೆಯಿತು. “ಬೇಕು. ರುಕಿಯಮ್ಮ ಎಲ್ಲಿಗೆ ಹೋಗುದು? ರೇಣುಕವ್ವ ಎಲ್ಲಿಗೆ ಹೋಗುದು? ನಾನೇ ದಿನಾ ಬಂದು ಕೂತುಕೊಳ್ತೇನೆ. ಬೇಕು ಅಂತ ಕೇಳ್ತಾ ಇದ್ದೇನೆ ನಾನು, ಅಲ್ವಾ? ಕೇಳ್ತಾ ಇದ್ದೇನಲ್ಲ?” ಕೈಗಳನ್ನು ಜೋಡಿಸಿಯೂಬಿಟ್ಟರು. ನನಗೆ ನೋಡಲಾಗಲಿಲ್ಲ. ಸ್ವರ್ಣಲತಾ ಪೂರ್ತಿ ಕೇಳಿಸಿಕೊಂಡು, ಅದೇ ಮೃದುವಾದ ದನಿಯಲ್ಲಿ, “ನಿಮ್ಮ ಸಲಹೆಯನ್ನು ಗೌರವದಿಂದ ಬರೆದುಕೊಂಡಿದ್ದೇವೆ ಬಾಯಮ್ಮ. ಆದ್ರೆ ಸಲಹೆಗಾರರಿಗೆ ಮತ ಇಲ್ಲ ಅಲ್ವಾ” ಎಂದಳು. ಅಂಗಡಿ ಆ ಮಳೆಗಾಲಕ್ಕೆ ಮುಂಚೆ ಮುಚ್ಚಿತು. ಈಗ ಅಲ್ಲಿ ಮೊಬೈಲ್ ರಿಪೇರಿಯವನೊಬ್ಬ ಕುಳಿತಿದ್ದಾನೆ.

ರೇಣುಕವ್ವ ರೊಟ್ಟಿಯ ಬುಟ್ಟಿ ಹೊತ್ತು ಕಟ್ಟಡದಿಂದ ಕಟ್ಟಡಕ್ಕೆ ತಿರುಗಿದಳು; ಒಂದೆರಡು ವರ್ಷದಲ್ಲಿ ಅವಳೂ ಗಂಡನ ಜೊತೆ ಗಾರೆಯ ಕೆಲಸಕ್ಕೆ ಹೋಗುತ್ತಿದ್ದಳೆಂದು ಕೇಳಿದೆ. ರುಕಿಯಮ್ಮನ ಒಲೆ ಮನೆಯ ಅಡುಗೆಗೆ ಮಾತ್ರ ಉರಿಯಿತು. ಕಾಪುವಿನಲ್ಲಿ ಒಮ್ಮೆ ಸಿಕ್ಕಾಗ ಬಾಯಮ್ಮನ ಕ್ಷೇಮ ವಿಚಾರಿಸಿ, “ಅವರ ಮೇಲೆ ನನಗೆ ಸಿಟ್ಟುಂಟು ಮಾಸ್ಟ್ರೆ” ಎಂದರು. ಸಂಘ ಮಾತ್ರ ಬಹಳ ಚೆನ್ನಾಗಿದೆ. ಅದಕ್ಕೆ ಪ್ರಶಸ್ತಿ ಬಂದಿದೆ. ಬಾಯಮ್ಮ ಎರಡು ಸಾವಿರದ ಎಂಟರಲ್ಲಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಸ್ವರ್ಣಲತಾ, ಅಧಿಕಾರವನ್ನು ಹುಲ್ಲಿನಂತೆ ಬಿಟ್ಟುಕೊಟ್ಟ ತ್ಯಾಗಮಯಿ ಎಂದು ಕಣ್ಣೊರೆಸಿಕೊಂಡಳು.

ಇಂಥವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಶಾಲೆ, ಸಂಘ, ಸಹಕಾರಿ ಬ್ಯಾಂಕು ಎಲ್ಲವನ್ನೂ ಅವರೇ ಕಟ್ಟುತ್ತಾರೆ; ಕಟ್ಟಿದ್ದರ ಮೇಲೆ ತಮಗೆ ಹಕ್ಕುಂಟೆಂದು ಹೇಳಲು ಮಾತ್ರ ನಾಚುತ್ತಾರೆ. ಆ ನಾಚಿಕೆಯನ್ನು ನಾವು ದೊಡ್ಡಗುಣವೆಂದು ಹಾಡಿಹೊಗಳುತ್ತೇವೆ, ಏಕೆಂದರೆ ಅದರಿಂದ ನಮಗೆ ಅನುಕೂಲ. ನಾನು ಬಾಯಮ್ಮನನ್ನು ಪ್ರೀತಿಸಿದವನು, ಆದುದರಿಂದಲೇ ಹೇಳುತ್ತೇನೆ: ಅಧಿಕಾರ ಬೇಡವೆನ್ನುವುದು ಒಬ್ಬಂಟಿಯಾಗಿ ಬದುಕುವವರಿಗೆ ಒಪ್ಪುವ ಮಾತು. ಬೆನ್ನ ಹಿಂದೆ ನಾಲ್ಕು ಜನ ರೊಟ್ಟಿಯ ಕಟ್ಟು ಹಿಡಿದು ನಿಂತಿರುವವರು ಹಾಗೆನ್ನುವ ಹಾಗಿಲ್ಲ. ಬಾಯಮ್ಮನಂಥವರ ವಿನಯಕ್ಕೆ ಹೂಮಾಲೆ ಬೀಳುತ್ತದೆ, ಫೋಟೋ ತೂಗುತ್ತದೆ. ಆ ವಿನಯ ಯಾರ ಒಲೆಯನ್ನು ಆರಿಸಿತೋ ಅವರನ್ನು ಶ್ರದ್ಧಾಂಜಲಿ ಸಭೆಗೆ ಯಾರೂ ಕರೆಯುವುದಿಲ್ಲ.