ಭಾವನ ಎದುರಿಗೆ

ಕಮಲಾಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಜಯದೇವಿ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು: ‘ಗಂಟಷ್ಟೇ ತೆಗೀರಿ, ಡಾಕ್ಟರಮ್ಮಾ.’ ಎದೆಯಲ್ಲಿರುವುದು ಕ್ಯಾನ್ಸರ್ ಗಂಟು ಎಂದು, ಅದಕ್ಕೆ ಎರಡು ಬಗೆಯ ಆಪರೇಷನ್ ಇದೆ ಎಂದು ಹೋದ ವಾರ ತಿಳಿದಿತ್ತು. ಪಕ್ಕದಲ್ಲಿ ಗಂಡ ಮಹಾದೇವ, ಮುಂದಿನ ಸೀಟಿನಲ್ಲಿ ಅವನ ಅಣ್ಣ ದೌಲಪ್ಪ.

ಮದುವೆಯಾದಾಗಿನಿಂದ ಭಾವನೆದುರು ಅವಳು ತಲೆಯ ಮೇಲಿನ ಸೆರಗು ಸರಿಸಿದವಳಲ್ಲ, ತುಟಿ ಪಿಟಕ್ಕೆಂದವಳಲ್ಲ. ಊಟಕ್ಕೆ ಕರೆಯಬೇಕಾದರೂ ಮಕ್ಕಳ ಕೈಲಿ ಹೇಳಿಸುವುದು. ಆ ಮನೆಯಲ್ಲಿ ಇದಕ್ಕೆ ಮರ್ಯಾದೆ ಎನ್ನುತ್ತಾರೆ. ಹೆಸರಿಡುವುದಕ್ಕೇನು ಖರ್ಚು?

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂವರಿಗೂ ಬಿಡಿಸಿ ಹೇಳಿದರು. “ಗಂಟಷ್ಟೇ ತೆಗದ್ರ ಎದಿ ಉಳೀತದ. ಆದ್ರ ಆಮ್ಯಾಲ ನಾಲ್ಕೈದು ವಾರ ದಿನಾ ಬಂದು ಕರೆಂಟ್, ಅಂದ್ರ ರೇಡಿಯೇಶನ್, ಕೊಡಿಸ್ಕೋಬೇಕು. ಪೂರಾ ತೆಗದ್ರ ಬಹುಶಃ ಅದು ಬೇಕಾಗಂಗಿಲ್ಲ. ನಿಮ್ಮ ಗಂಟು ಸಣ್ಣದು, ಜೀವಕ್ಕ ಎರಡೂ ಅಷ್ಟೇ ಛಲೋ. ನಿಮಗ ಯಾವುದು ಬೇಕು?”

ಮಾತು ಗಂಟಲಿಗೆ ಬಂದಿತ್ತು. ಆದರೆ ಎದೆಯ ಮಾತು, ಅದೂ ಭಾವನೆದುರು! ಜಯದೇವಿ ಸೆರಗು ಮುಂದೆಳೆದುಕೊಂಡಳು. ಗಂಡನಾದರೂ ಹೇಳಲಿ ಎಂದು ಕಾದಳು. ಮಹಾದೇವ ಜೇಬಿನಲ್ಲಿ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ.

“ಪೂರಾ ತೆಗದುಬಿಡ್ರೀ,” ಎಂದ ದೌಲಪ್ಪ. “ನಮ್ಮವ್ವ ಇದರಾಗೇ ಹೋದಳು. ಯಾರಿಗೂ ಹೇಳಲೇ ಇಲ್ರೀ ಆಕಿ. ನಮ್ಮ ಮನ್ಯಾಗ ಇನ್ನೊಬ್ಬಾಕಿ ಹೋಗಬಾರದು.”

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಅವಳು ಹಗುರಾಗುತ್ತಿದ್ದಳು.

“ನೀವೇನಂತೀರಿ, ಜಯದೇವಿ?” ಡಾಕ್ಟರಮ್ಮ ಮತ್ತೆ ಕೇಳಿದರು. ಹಿರಿಯರು ಮಾತಾಡಿದ ಮೇಲೆ ಸೊಸೆಗೆ ಉಳಿಯುವುದು ತಲೆಯಾಡಿಸುವುದೊಂದೇ. ಆಡಿಸಿದಳು.

ಆಪರೇಷನ್ ಆಗಿ ಮೂರ್ನಾಲ್ಕು ದಿನದ ಮೇಲೆ, ದೌಲಪ್ಪ ಚಹಾ ತರಲು ಹೋದಾಗ, ಮಹಾದೇವ ಊರಿನ ಕೆಂಪು ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟ. ಕೈ ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದಾಗ ಒಂದು ಕೀಲಿಕೈ ನೆಲಕ್ಕೆ ಬಿತ್ತು.

“ಇದ್ಯಾವುದು?”

“ಇಲ್ಲೇ ಶಹಾಬಜಾರದಾಗ ಒಂದು ಖೋಲಿ ಬಾಡಿಗಿ ಹಿಡದಿದ್ದೆ. ಕರೆಂಟ್ ಕೊಡಸೂದಕ್ಕ ದಿನಾ ಊರಿಂದ ಬಂದ್ರ ನೀ ದಣೀತಿ ಅಂತ. ಇನ್ನ ವಾಪಸ್ ಕೊಡಬೇಕು.”

ಬಾಯಿಗೊಯ್ಯುತ್ತಿದ್ದ ಹಣ್ಣನ್ನು ಜಯದೇವಿ ಹಾಗೇ ಹಿಡಿದಳು. “ಅವತ್ತ ಯಾಕ ಬಾಯಿ ಬಿಡಲಿಲ್ಲ?”

“ಅಣ್ಣ ಮಾತಾಡಾಕತ್ತಿದ್ದ. ಅವ್ವನ ಸುದ್ದಿ ಬ್ಯಾರೆ ತೆಗದ.” ಮಹಾದೇವನ ಕಣ್ಣು ತುಂಬಿದವು. “ನೀನರ ಹೇಳಬೇಕಿತ್ತಲ್ಲ?”

ಹೇಳಬೇಕಿತ್ತು. ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಬಾಗಿಲ ಹೊರಗೆ, ಹೆಂಗಸರಿರುವಲ್ಲಿಗೆ ಬರುವ ಮುನ್ನ ಹಿರಿಯರು ಕೆಮ್ಮುವ ಹಾಗೆ, ದೌಲಪ್ಪ ಕೆಮ್ಮಿದ.

ಆಪರೇಷನ್ ಆದ ಕಡೆಯ, ಎತ್ತಲು ಬಾರದ ಕೈಯನ್ನು ಹಲ್ಲು ಕಚ್ಚಿ ಎತ್ತಿ, ಜಯದೇವಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು.